ಬೇಟೆ ಜಮೀನು: ಕ್ರಯವೋ ಗುತ್ತಿಗೆಯೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಶೇ. 95ರಷ್ಟು ನೆಲ ಖಾಸಗಿಯವರ ಕೈಯಲ್ಲಿದೆ. ಅಲ್ಲಿ ಬೇಟೆಗೆ ಹೋಗುವವರು ಜಮೀನು ಕೊಳ್ಳಬೇಕು, ಇಲ್ಲವೇ ದನ ಸಾಕುವ ದೊಡ್ಡ ಜಮೀನಿನ, ಅಂದರೆ ರ್‍ಯಾಂಚ್ ಮಾಲೀಕರಿಂದ ಗುತ್ತಿಗೆ ಹಿಡಿಯಬೇಕು. ಹಾಗಾಗಿ ಈ ವಿಷಯದ ಪತ್ರಗಳು ಹೆಚ್ಚಾಗಿ ಅಲ್ಲಿ ನೆಲೆಸಿದ ಕನ್ನಡಿಗರಿಂದಲೇ ಬಂದಿವೆ. ಜರ್ಮನಿಯಿಂದ ಒಂದು, ಕೊಡಗಿನಿಂದ ಒಂದು ಪ್ರಶ್ನೆಯೂ ಜೊತೆಗಿವೆ.

ನಾವು ಮೂವರು ಗೆಳೆಯರು. 300 ಎಕರೆ ರ್‍ಯಾಂಚ್ ಎಕರೆಗೆ 15 ಡಾಲರಿನಂತೆ ವರ್ಷದ ಗುತ್ತಿಗೆಗೆ ಸಿಗುತ್ತಿದೆ. ಅದೇ ಸೀಮೆಯಲ್ಲಿ 100 ಎಕರೆ, ಎಕರೆಗೆ 6,000 ಡಾಲರಿನಂತೆ ಮಾರಾಟಕ್ಕಿದೆ. ಗುತ್ತಿಗೆಗೆ ಕೊಡುವ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತ ಒಬ್ಬ ಗೆಳೆಯನ ವಾದ. ಏನು ಮಾಡೋಣ? (ಆಸ್ಟಿನ್)

ಮೊದಲು ಲೆಕ್ಕ ಹಾಕಿ ನೋಡೋಣ. ಗುತ್ತಿಗೆ ವರ್ಷಕ್ಕೆ 4,500 ಡಾಲರ್, ತಲೆಗೆ 1,500. ಜಿಂಕೆಗೆ ಹಾಕುವ ಮೆಕ್ಕೆಜೋಳ, ವಿಮೆ, ಓಡಾಟ ಎಲ್ಲ ಸೇರಿಸಿದರೂ ಮೂವರಿಗೂ ತಡೆಯುವ ಖರ್ಚು.

ಕ್ರಯದ ಬೆಲೆ 6,00,000 ಡಾಲರ್. ಖಾಲಿ ಜಮೀನಿಗೆ ಸಾಲ ಕೊಡುವವರು ಮನೆ ಸಾಲದವರಂತೆ ಕಡಿಮೆ ಮುಂಗಡಕ್ಕೆ ಒಪ್ಪುವುದಿಲ್ಲ. ನೂರಕ್ಕೆ 25 ಕೈಯಿಂದ ಹಾಕಬೇಕೆಂದರೆ 1,50,000 ಡಾಲರ್ ಆಯಿತು. ಉಳಿದ 4,50,000ಕ್ಕೆ ಬಡ್ಡಿ ನೂರಕ್ಕೆ 8, ಅವಧಿ 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 3,760 ಡಾಲರ್. ವರ್ಷಕ್ಕೆ 45,000ಕ್ಕೂ ಮೇಲೆ, ಗುತ್ತಿಗೆಯ ಹತ್ತು ಪಟ್ಟು. ಮೊದಲ ವರ್ಷದ ಕಂತುಗಳಲ್ಲಿ ಸುಮಾರು 35,700 ಡಾಲರ್ ಬರೀ ಬಡ್ಡಿಗೇ ಹೋಗುತ್ತದೆ. ನಿಮ್ಮ ಗೆಳೆಯರು ಹೇಳುವ ಹುಣಸೆಹಣ್ಣು ಈ ಹೊಳೆಯಲ್ಲೂ ಕರಗುತ್ತದೆ.

ಇನ್ನೊಂದು ವಿಷಯ ಹಣಕ್ಕಿಂತ ಮುಖ್ಯ. ಬಿಳಿಬಾಲದ ಗಂಡು ಜಿಂಕೆ ವರ್ಷದಲ್ಲಿ ಓಡಾಡುವ ವ್ಯಾಪ್ತಿ ಸುಮಾರು ಒಂದು ಚದರ ಮೈಲಿ, ಅಂದರೆ 640 ಎಕರೆ. ಬೆದೆಯ ಕಾಲದಲ್ಲಿ ಇನ್ನೂ ಹೆಚ್ಚು. ನಿಮ್ಮ 100 ಎಕರೆ ಅದರ ಹಾದಿಯಲ್ಲಿ ಸಿಗುವ ಒಂದು ತುಂಡು ಅಷ್ಟೆ. ನೀವು ಮೂರು ವರ್ಷ ಹೊಡೆಯದೆ ಬೆಳೆಯಲು ಬಿಟ್ಟ ಗಂಡನ್ನು ಪಕ್ಕದವರು ಬೇಲಿ ಅಂಚಿನ ಫೀಡರ್ (ಕಾಳು ಎರಚುವ ಡ್ರಮ್) ಬಳಿ ನ್ಯಾಯವಾಗಿಯೇ ಹೊಡೆಯಬಹುದು. ಜಮೀನು ನೋಡಲು ಹೋದಾಗ ನಾಲ್ಕೂ ಬೇಲಿಯ ಗುಂಟ ನಡೆಯಿರಿ. ಪಕ್ಕದವರ ಮರೆಗೂಡು, ಅಂದರೆ ಬ್ಲೈಂಡ್, ಬೇಲಿಗೆ ಎಷ್ಟು ಹತ್ತಿರ ಇದೆ, ಅದರ ಕಿಟಕಿ ಯಾವ ಕಡೆಗೆ ತೆರೆಯುತ್ತದೆ ಎಂದು ಗಮನಿಸಿ. ನೀವು ಕೊಳ್ಳುವ ನೆಲದಲ್ಲಿ ಬೇಟೆ ಹೇಗಿರುತ್ತದೆ ಎಂಬುದನ್ನು ಮಾರಾಟದ ಚಿತ್ರಗಳಿಗಿಂತ ಆ ಕಿಟಕಿಯೇ ಚೆನ್ನಾಗಿ ಹೇಳುತ್ತದೆ.

ನಮ್ಮ ಅಭಿಪ್ರಾಯ ಸ್ಪಷ್ಟ. ಜಿಂಕೆ ಒಂದೂ ಬಾರದಿದ್ದರೂ ಈ ನೆಲ ನನಗೆ ಬೇಕು, ಇಲ್ಲಿ ಗಿಡ ನೆಡುತ್ತೇನೆ, ದನ ಕಟ್ಟುತ್ತೇನೆ, ಮಕ್ಕಳಿಗೆ ಬಿಟ್ಟುಹೋಗುತ್ತೇನೆ ಅನ್ನುವವರು ಕೊಳ್ಳಲಿ. ಸೀಸನ್ನಿನ ಹತ್ತು ವಾರದಲ್ಲಿ ಹತ್ತು ಹನ್ನೆರಡು ದಿನ ಕಾಡಿನಲ್ಲಿ ಕೂರಬೇಕು ಅನ್ನುವವರಿಗೆ ಗುತ್ತಿಗೆ ಸಾಕು. ಕೊಳ್ಳುವ ಮನಸ್ಸು ಗಟ್ಟಿ ಇದ್ದರೂ ಅದೇ ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಲ್ಲಿ, ಎರಡು ಸೀಸನ್ ಗುತ್ತಿಗೆ ಹಿಡಿದು ನೋಡಿ. ಬರಗಾಲದ ವರ್ಷದಲ್ಲಿ ಯಾವ ಕೆರೆ ಒಣಗುತ್ತದೆ, ಮಳೆ ಬಂದರೆ ಯಾವ ದಾರಿ ಕೆಸರಾಗಿ ಮುಚ್ಚುತ್ತದೆ ಎಂಬುದು ಆಗಲೇ ತಿಳಿಯುವುದು.

ಎರಡೂ ಭಾರ ಅನ್ನಿಸಿದರೆ ಸರ್ಕಾರದ ವಾರ್ಷಿಕ ಸಾರ್ವಜನಿಕ ಬೇಟೆ ಪರವಾನಗಿ ಇದೆ, 48 ಡಾಲರ್. ಹತ್ತು ಲಕ್ಷದ ಆಸುಪಾಸು ಎಕರೆಗೆ ಪ್ರವೇಶ ಸಿಗುತ್ತದೆ. ಜನದಟ್ಟಣೆ ಇರುತ್ತದೆ, ಆದರೂ ಹೊಸಬರಿಗೆ ಕಲಿಯಲು ಒಳ್ಳೆಯ ಜಾಗ.

ಜಮೀನು ನನ್ನದಾದ ಮೇಲೆ ಅದರಲ್ಲಿರುವ ಜಿಂಕೆಯೂ ನನ್ನದಲ್ಲವೇ? ಲೈಸೆನ್ಸ್ ಬೇಕೇ? (ವೇಕೋ)

ಜಿಂಕೆ ನಿಮ್ಮದಲ್ಲ. ಟೆಕ್ಸಸ್ ಕಾನೂನಿನಲ್ಲಿ ಕಾಡುಪ್ರಾಣಿಗಳು ರಾಜ್ಯದ ಜನರ ಸ್ವತ್ತು. ಮಾಲೀಕರ ಕೈಯಲ್ಲಿ ಇರುವುದು ಯಾರನ್ನು ಒಳಗೆ ಬಿಡಬೇಕು ಎಂಬ ಹಕ್ಕು ಮಾತ್ರ. ಗುತ್ತಿಗೆ ಕೊಡುವಾಗ ಅವರು ಮಾರುವುದೂ ಅದನ್ನೇ. ಸ್ವಂತ ನೆಲದಲ್ಲಿ ಜಿಂಕೆ ಹೊಡೆಯಲೂ ಲೈಸೆನ್ಸ್ ಬೇಕು, ಹೊಡೆದ ಜಿಂಕೆಗೆ ಲೈಸೆನ್ಸಿನ ಚೀಟಿ, ಅಂದರೆ ಟ್ಯಾಗ್, ಕಟ್ಟಬೇಕು, ಸೀಸನ್ ಪಾಲಿಸಬೇಕು. ಕೋವಿ ಬೇಟೆಯ ಸೀಸನ್ ನವೆಂಬರ್ ಮೊದಲ ಶನಿವಾರ ಶುರುವಾಗಿ, ಉತ್ತರ ವಲಯದಲ್ಲಿ ಜನವರಿ ಮೊದಲ ಭಾನುವಾರ, ದಕ್ಷಿಣ ವಲಯದಲ್ಲಿ ಮೂರನೇ ಭಾನುವಾರ ಮುಗಿಯುತ್ತದೆ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ತರಬೇತಿ ಮುಗಿಸಿರಬೇಕು. ಕಾಡುಹಂದಿಗೆ ಮಾತ್ರ ರಿಯಾಯಿತಿ: 2019ರ ಸೆಪ್ಟೆಂಬರ್‌ನಿಂದ ಖಾಸಗಿ ನೆಲದಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಲೈಸೆನ್ಸ್ ಇಲ್ಲದೆ ಹಂದಿ ಹೊಡೆಯಬಹುದು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಇಟ್ಟುಕೊಳ್ಳಬಹುದೇ? ಜಮೀನು ಕೊಳ್ಳಲು ತೊಡಕು ಇದೆಯೇ? (ಡಲ್ಲಾಸ್)

ಈ ಪ್ರಶ್ನೆಯನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬಾರದು. ಎಚ್-1ಬಿ, ಎಚ್-4, ಎಫ್-1 ಇವೆಲ್ಲ ವಲಸೆಯೇತರ ವೀಸಾಗಳು. ಇಂಥ ವೀಸಾದ ಮೇಲೆ ಬಂದವರು ಬಂದೂಕಾಗಲಿ ಗುಂಡುಗಳಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇರುವುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ.

ಎಡವುವುದು ಎರಡು ಕಡೆ. ಟೆಕ್ಸಸ್ ಲೈಸೆನ್ಸ್ ನೀವು ಯಾವಾಗ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸ ವರ್ಷದ್ದು ಆಗಸ್ಟ್ ಮಧ್ಯದಲ್ಲೇ ಮಾರಾಟಕ್ಕೆ ಬರುತ್ತದೆ. ನವೆಂಬರ್‌ನಲ್ಲಿ ತೆಗೆದುಕೊಂಡರಾಯಿತು ಎಂದು ಬಿಟ್ಟರೆ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ನಿಮ್ಮ ಮನೆಯ ಬೀರುವಿನಲ್ಲಿರುವ ರೈಫಲ್ಲಿಗೆ ಕಾನೂನಿನ ಆಸರೆ ಇರುವುದಿಲ್ಲ. ಆಗಸ್ಟ್‌ನಲ್ಲೇ ನವೀಕರಿಸಿ. ಇನ್ನೊಂದು ಹಂದಿ ಬೇಟೆಯದು. ಹಂದಿಗೆ ಲೈಸೆನ್ಸ್ ಬೇಡ ಎಂಬುದು ರಾಜ್ಯದ ನಿಯಮ. ವೀಸಾದವರು ಬಂದೂಕು ಹಿಡಿಯಲು ಲೈಸೆನ್ಸ್ ಬೇಕೆಂಬುದು ಕೇಂದ್ರದ ಕಾನೂನು. ಹಂದಿ ಬೇಟೆಗೆ ಹೋಗುವಾಗಲೂ ನಿಮ್ಮ ಜೇಬಿನಲ್ಲಿ ಲೈಸೆನ್ಸ್ ಇರಲೇಬೇಕು.

ಜಮೀನು ಕೊಳ್ಳಲು ಭಾರತೀಯರಿಗೆ ಟೆಕ್ಸಸ್‌ನಲ್ಲಿ ಅಡ್ಡಿ ಇಲ್ಲ. ಆದರೆ 1978ರ ವಿದೇಶಿ ಕೃಷಿ ಹೂಡಿಕೆ ಪ್ರಕಟಣೆ ಕಾಯ್ದೆ ಎಂಬುದೊಂದಿದೆ. ನಾಗರಿಕರೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದವರು 10 ಎಕರೆ ಮೀರಿದ ಕೃಷಿ ಅಥವಾ ಅರಣ್ಯ ಜಮೀನು ಕೊಂಡರೆ 90 ದಿನದೊಳಗೆ ಎಫ್‌ಎಸ್‌ಎ-153 ನಮೂನೆ ತುಂಬಿ ಕೌಂಟಿಯ ಫಾರ್ಮ್ ಸರ್ವಿಸ್ ಏಜೆನ್ಸಿ ಕಚೇರಿಗೆ ಕೊಡಬೇಕು. 10 ವರ್ಷ ಅಥವಾ ಮೇಲ್ಪಟ್ಟ ಗುತ್ತಿಗೆಗೂ ಇದು ಅನ್ವಯ. ಕೊಡದಿದ್ದರೆ ದಂಡ ಜಮೀನಿನ ಬೆಲೆಯ ಶೇ. 25ರವರೆಗೆ ಹೋಗಬಹುದು. ನೋಂದಣಿ ಮಾಡಿಸುವ ಟೈಟಲ್ ಕಂಪನಿಯವರು ಇದನ್ನು ನೆನಪಿಸುತ್ತಾರೆ ಎಂದು ನಂಬಿ ಕೂರಬೇಡಿ.

100 ಎಕರೆ ಕೊಂಡಿದ್ದೇನೆ. ದನ ಸಾಕುವುದು ಆಗದ ಮಾತು. ವನ್ಯಜೀವಿ ನಿರ್ವಹಣೆ ಎಂದು ತೋರಿಸಿದರೆ ತೆರಿಗೆ ಕಡಿಮೆ ಅನ್ನುತ್ತಾರೆ. ನಮ್ಮಲ್ಲಿ ಊರಿನ ಚುಕ್ಕೆ ಜಿಂಕೆಯೇ ಇದೆ, ಅದನ್ನೇ ತೋರಿಸಬಹುದೇ? (ಹ್ಯೂಸ್ಟನ್; ಜಮೀನು ಹಿಲ್ ಕಂಟ್ರಿಯಲ್ಲಿ)

ಚುಕ್ಕೆ ಜಿಂಕೆ ನಡೆಯುವುದಿಲ್ಲ. ಈ ತೆರಿಗೆ ಸೌಲಭ್ಯ ಟೆಕ್ಸಸ್ ಮೂಲದ ಪ್ರಾಣಿ ಪಕ್ಷಿಗಳಿಗೆ ಮಾತ್ರ. ನಮ್ಮ ಬಂಡೀಪುರದ ಚುಕ್ಕೆ ಜಿಂಕೆ, ರಾಣೆಬೆನ್ನೂರಿನ ಕೃಷ್ಣಮೃಗ ಎರಡೂ 1930ರ ದಶಕದಲ್ಲಿ ಟೆಕ್ಸಸ್‌ಗೆ ಬಂದವು. ದಕ್ಷಿಣದ ಕಿಂಗ್ ರ್‍ಯಾಂಚ್‌ನಲ್ಲಿ ನೀಲ್‌ಗಾಯ್ ಬಿಟ್ಟದ್ದೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ. ಕರ್ನಾಟಕದಲ್ಲಿ ಮುಟ್ಟಿದರೆ ಜೈಲು ಸೇರಿಸುವ ಕೃಷ್ಣಮೃಗ ಅಲ್ಲಿ ಹೊರನಾಡಿನ ಪ್ರಾಣಿ. ಅದಕ್ಕೆ ರಾಜ್ಯದ ಸೀಸನ್ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ, ಲೈಸೆನ್ಸ್ ಮತ್ತು ಮಾಲೀಕರ ಒಪ್ಪಿಗೆ ಇದ್ದರೆ ವರ್ಷವಿಡೀ ಬೇಟೆ ನಡೆಯುತ್ತದೆ.

ತೆರಿಗೆಯ ವಿಷಯಕ್ಕೆ ಬರೋಣ. ನಿಮ್ಮ ನೆಲದ ಮಾರುಕಟ್ಟೆ ಬೆಲೆ 6,00,000 ಡಾಲರ್, ಸ್ಥಳೀಯ ತೆರಿಗೆಗಳೆಲ್ಲ ಸೇರಿ ನೂರಕ್ಕೆ 1.6 ಎಂದುಕೊಳ್ಳಿ. ವರ್ಷಕ್ಕೆ 9,600 ಡಾಲರ್. ಕೃಷಿ ಮೌಲ್ಯಮಾಪನದಲ್ಲಿ, ಅಂದರೆ ಎಲ್ಲರೂ 1-ಡಿ-1 ಎನ್ನುವ ಪದ್ಧತಿಯಲ್ಲಿ, ಮಾರುಕಟ್ಟೆ ಬೆಲೆಯ ಬದಲು ನೆಲದ ಉತ್ಪಾದನಾ ಮೌಲ್ಯ ಹಿಡಿಯುತ್ತಾರೆ. ಅದು ಎಕರೆಗೆ 120 ಡಾಲರ್ ಇದ್ದರೆ ತೆರಿಗೆ ಬರೀ 192 ಡಾಲರ್. ಸ್ವಂತ ಜಮೀನು ಕೈಗೆ ಎಟಕುವುದು ಅಥವಾ ಕೈ ಸುಡುವುದು ಈ ಒಂದು ಅಂಕಿಯ ಮೇಲೆ ನಿಂತಿದೆ.

ವನ್ಯಜೀವಿ ನಿರ್ವಹಣೆಗೆ ಬದಲಾಯಿಸಲು ಹಿಂದಿನ ವರ್ಷ ಆ ಜಮೀನು ಕೃಷಿ ಮೌಲ್ಯಮಾಪನದಲ್ಲಿ ಇರಲೇಬೇಕು. ಇಲ್ಲದಿದ್ದರೆ ಮೊದಲು ಕೃಷಿ ಮಾಡಿ ಅರ್ಹತೆ ಗಳಿಸಬೇಕು, ಅದಕ್ಕೆ ಹಿಂದಿನ ಏಳು ವರ್ಷದಲ್ಲಿ ಐದು ವರ್ಷ ಕೃಷಿ ನಡೆದಿರಬೇಕು. ಆಮೇಲೆ ಏಳು ಕೆಲಸಗಳಲ್ಲಿ ಕನಿಷ್ಠ ಮೂರನ್ನು ಪ್ರತಿ ವರ್ಷ ಮಾಡಿ ತೋರಿಸಬೇಕು: ಆವಾಸದ ಸುಧಾರಣೆ, ಮಣ್ಣು ಕೊಚ್ಚಣೆ ತಡೆ, ಪರಭಕ್ಷಕಗಳ ನಿಯಂತ್ರಣ, ನೀರಿನ ಪೂರೈಕೆ, ಆಹಾರ ಪೂರೈಕೆ, ಆಸರೆ, ಗಣತಿ. ಹೊಸಬರಿಗೆ ನಾವು ಹೇಳುವುದು ನೀರು, ಗಣತಿ ಮತ್ತು ಆವಾಸ. ಸೀಡರ್ ಪೊದೆ ಕಡಿದ ಜಾಗದ ಫೋಟೋ, ನೀರಿನ ತೊಟ್ಟಿಯ ರಶೀದಿ, ಗಣತಿಯ ದಿನಾಂಕವಾರು ಪಟ್ಟಿ ಇವನ್ನೆಲ್ಲ ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಮೌಲ್ಯಮಾಪಕರು ಕೇಳುವುದು ಇವನ್ನೇ. ಸುಮ್ಮನೆ ಒಂದು ಫೀಡರ್ ನೇತುಹಾಕಿ ವನ್ಯಜೀವಿ ನಿರ್ವಹಣೆ ಅಂದರೆ ಅರ್ಜಿ ತಿರಸ್ಕಾರವಾಗುತ್ತದೆ.

ಕೊಂಡವರು ಮರೆಯುವ ದಿನಾಂಕವೊಂದಿದೆ. ಹಿಂದಿನ ಮಾಲೀಕರ ಹೆಸರಿನಲ್ಲಿದ್ದ ಸೌಲಭ್ಯ ನಿಮ್ಮ ಹೆಸರಿಗೆ ತಾನಾಗಿ ಬರುವುದಿಲ್ಲ. ಮೇ 1ಕ್ಕೆ ಮುಂಚೆ ಕೌಂಟಿಯ ಮೌಲ್ಯಮಾಪನ ಕಚೇರಿಗೆ ಹೊಸ ಅರ್ಜಿ ಹಾಕಬೇಕು. ದೊಡ್ಡ ಜಮೀನಿನಿಂದ ಕತ್ತರಿಸಿದ ತುಂಡು ಕೊಂಡಿದ್ದರೆ ವನ್ಯಜೀವಿ ಸೌಲಭ್ಯಕ್ಕೆ ಕನಿಷ್ಠ ಎಕರೆಯ ನಿಯಮವೂ ಬೀಳುತ್ತದೆ. ಮುಂದೆ ಯಾವಾಗಲಾದರೂ ನೆಲದ ಬಳಕೆಯನ್ನು ಬದಲಿಸಿ ನಿವೇಶನ ಮಾಡಿದರೆ ಮೂರು ವರ್ಷದ ವ್ಯತ್ಯಾಸ ಹಿಂತಿರುಗಿ ಕಟ್ಟಬೇಕು. ಮೇಲಿನ ಲೆಕ್ಕದಲ್ಲಿ ಅದು 28,224 ಡಾಲರ್.

ಕೊಳ್ಳುವ ಮುಂಚೆ ಕಾಗದಪತ್ರದಲ್ಲಿ ಏನು ನೋಡಬೇಕು? (ಶುಗರ್ ಲ್ಯಾಂಡ್)

ದಾರಿ ಮತ್ತು ಖನಿಜ. ಗೇಟಿನವರೆಗೆ ಸಾರ್ವಜನಿಕ ರಸ್ತೆ ಇಲ್ಲದಿದ್ದರೆ ಪಕ್ಕದವರ ನೆಲದ ಮೇಲೆ ನೋಂದಾಯಿತ ದಾರಿ ಹಕ್ಕು ಇರಬೇಕು. "ಇಷ್ಟು ವರ್ಷ ಬಿಟ್ಟಿದ್ದಾರೆ, ಮುಂದೂ ಬಿಡುತ್ತಾರೆ" ಎಂಬ ಮಾತಿಗೆ ಹಣ ಕೊಡಬೇಡಿ. ಟೆಕ್ಸಸ್‌ನಲ್ಲಿ ನೆಲದ ಮೇಲ್ಮೈ ಒಬ್ಬರದು, ಕೆಳಗಿನ ತೈಲ ಅನಿಲ ಇನ್ನೊಬ್ಬರದು ಆಗಿರುವುದು ಮಾಮೂಲು, ಮತ್ತು ಕೆಳಗಿನವರ ಹಕ್ಕೇ ಮೇಲುಗೈ. ನಿಮ್ಮ ಮರೆಗೂಡಿನ ಮುಂದೆಯೇ ಅವರು ರಸ್ತೆ ಹಾಕಿ ಬಾವಿ ಕೊರೆಯಲು ಜಾಗ ಸಮ ಮಾಡಬಹುದು. ರೈಲ್‌ರೋಡ್ ಕಮಿಷನ್ ಎಂಬ ಹೆಸರಿನ ಸಂಸ್ಥೆಯೇ ಅಲ್ಲಿ ತೈಲಬಾವಿಗಳ ಉಸ್ತುವಾರಿ ನೋಡುತ್ತದೆ. ಅದರ ನಕ್ಷೆಯಲ್ಲಿ ಸುತ್ತಲಿನ ಬಾವಿಗಳು, ಕೊಳವೆ ಮಾರ್ಗಗಳು ಕಾಣುತ್ತವೆ. ಖನಿಜ ಮಾಲೀಕರಿಂದ ಮೇಲ್ಮೈ ಬಳಸುವುದಿಲ್ಲವೆಂಬ ಬರಹ ಸಿಗುವುದಾದರೆ ಸ್ವಲ್ಪ ಖರ್ಚಾದರೂ ಪಡೆಯಿರಿ. ಮಾರುವವರು ಈಗಾಗಲೇ ಬೇಟೆಗೋ ಮೇವಿಗೋ ಗುತ್ತಿಗೆ ಕೊಟ್ಟಿದ್ದಾರೆಯೇ ಎಂದೂ ಬರಹದಲ್ಲಿ ಕೇಳಿ.

ಕೊಂಡ ಮೇಲೆ ಗಡಿಯಲ್ಲಿ ಫಲಕ ಹಾಕಿದರೆ ಗಾಳಿಗೆ ಬೀಳುತ್ತದೆ, ಕಿತ್ತುಹಾಕುವವರೂ ಇರುತ್ತಾರೆ. ಅಲ್ಲಿ ನೇರಳೆ ಬಣ್ಣಕ್ಕೇ ಕಾನೂನಿನ ಬಲ ಇದೆ. ಮರಕ್ಕೋ ಕಂಬಕ್ಕೋ ಉದ್ದುದ್ದ ಪಟ್ಟಿ ಬಳಿಯಬೇಕು: ಕನಿಷ್ಠ 8 ಅಂಗುಲ ಉದ್ದ, 1 ಅಂಗುಲ ಅಗಲ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ. ಮರಗಳ ಕಾಡಾದರೆ 100 ಅಡಿಗೊಂದು, ಬಯಲಾದರೆ 1,000 ಅಡಿಗೊಂದು. "ಅಪ್ಪಣೆಯಿಲ್ಲದೆ ಒಳಬರಬೇಡಿ" ಎಂಬುದಕ್ಕೆ ಅಷ್ಟೇ ಸಾಕು.

ನಾನು ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಹತ್ತು ಹೆಕ್ಟೇರ್ ಕಾಡು ಕೊಂಡರೆ ಬೇಟೆಯಾಡಬಹುದೇ?

ಆಗುವುದಿಲ್ಲ. ಜರ್ಮನಿಯಲ್ಲಿ ಸ್ವಂತ ಬೇಟೆ ವಲಯ ಅನ್ನಿಸಿಕೊಳ್ಳಲು ಒಂದೇ ಮಾಲೀಕತ್ವದ, ಒಂದಕ್ಕೊಂದು ತಾಗಿದ ಕನಿಷ್ಠ 75 ಹೆಕ್ಟೇರ್ ಇರಬೇಕು. ನಿಮ್ಮ ಬವೇರಿಯಾದಲ್ಲಿ 81.755 ಹೆಕ್ಟೇರ್. ಅದಕ್ಕಿಂತ ಚಿಕ್ಕವೆಲ್ಲ ಊರಿನ ಸಾಮೂಹಿಕ ವಲಯಕ್ಕೆ ಸೇರುತ್ತವೆ. ಮಾಲೀಕರ ಸಂಘ ಅದನ್ನು ಒಟ್ಟಾಗಿ ಗುತ್ತಿಗೆ ಕೊಡುತ್ತದೆ. ಗುತ್ತಿಗೆ ಹಿಡಿಯಲು ಬೇಟೆ ಪರೀಕ್ಷೆ ಪಾಸಾಗಿ ಮೂರು ವರ್ಷ ಪರವಾನಗಿ ಹೊಂದಿರಬೇಕು. ಕರಾರಿಗೆ ಸಹಿ ಹಾಕುವ ಮುಂಚೆ ಹಂದಿಯಿಂದಾಗುವ ಬೆಳೆ ಹಾನಿಯನ್ನು ಯಾರು ತುಂಬಬೇಕು ಎಂಬ ಸಾಲನ್ನು ಹುಡುಕಿ ಓದಿ. ಬಹುಪಾಲು ಕರಾರುಗಳಲ್ಲಿ ಅದು ಗುತ್ತಿಗೆದಾರರ ತಲೆಗೇ ಬರುತ್ತದೆ. ಮೆಕ್ಕೆಜೋಳದ ಹೊಲಗಳ ನಡುವಿನ ವಲಯವಾದರೆ ಆ ಮೊತ್ತ ಗುತ್ತಿಗೆಯನ್ನೇ ಮೀರಬಹುದು.

ಕೊಡಗಿನಲ್ಲಿ ನಮ್ಮದು ಜಮ್ಮಾ (ವಂಶಪಾರಂಪರ್ಯ) ಹಿಡುವಳಿಯ ಕಾಫಿ ತೋಟ. ವಿನಾಯಿತಿ ಕೋವಿ ಇದೆ. ಹಂದಿ ಕಾಟ ವಿಪರೀತ. ಸ್ವಂತ ತೋಟದೊಳಗೆ ಹೊಡೆಯಬಹುದಲ್ಲವೇ? (ವಿರಾಜಪೇಟೆ)

ದಯವಿಟ್ಟು ಹೊಡೆಯಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂಬುದಕ್ಕೆ ಮಾತ್ರ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಬೇಟೆಯ ಹಕ್ಕು ಅದರಲ್ಲಿ ಸೇರಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ತೋಟ ಸ್ವಂತದ್ದೋ ಗುತ್ತಿಗೆಯದ್ದೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಬೇಟೆಗೆಂದು ತೋಟ ಗುತ್ತಿಗೆ ಕೊಡುವ ಕರಾರಿಗೂ ಕಿಮ್ಮತ್ತಿಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಹಾಗೆ ಕೊಂದರೂ ಹಂದಿಯ ದೇಹ ಸರ್ಕಾರದ ಸ್ವತ್ತು, ಮಾಂಸ ಮನೆಗೆ ತರುವಂತಿಲ್ಲ.

ಉರುಳು, ಬೇಲಿಗೆ ನೇರ ವಿದ್ಯುತ್ ಎರಡನ್ನೂ ಯೋಚಿಸಲೇ ಬೇಡಿ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ತಿಳಿಯುವುದಿಲ್ಲ. ಸೋಲಾರ್ ಬೇಲಿಯ ತಂತಿಯನ್ನು ಹಂದಿಯ ಮೂತಿಯ ಮಟ್ಟಕ್ಕೆ ಇಳಿಸಿ ಕಟ್ಟಿ, ಕಳೆ ತಾಗಿ ವಿದ್ಯುತ್ ಸೋರದಂತೆ ಮಳೆಗಾಲದಲ್ಲಿ ಬುಡ ಸವರುತ್ತಿರಿ. ಬೆಳೆ ಹೋದರೆ ಅದೇ ದಿನ ಫೋಟೋ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ಹಾಕಿಸಿ.

ಗುತ್ತಿಗೆ ಕರಾರಿನಲ್ಲಿ ಏನೇನು ಇರಬೇಕು? ಮಾಲೀಕರು ಕೈಕುಲುಕಿದರೆ ಸಾಕು ಎನ್ನುತ್ತಾರೆ. (ಸ್ಯಾನ್ ಆಂಟೋನಿಯೊ)

ಒಂದು ವರ್ಷ ಮೀರಿದ ಗುತ್ತಿಗೆ ಬರಹದಲ್ಲಿ ಇಲ್ಲದಿದ್ದರೆ ಟೆಕ್ಸಸ್ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಒಂದೇ ವರ್ಷದ್ದಾದರೂ ಬರೆಸಿಕೊಳ್ಳಿ. ಗುತ್ತಿಗೆ ಕೊಡುವ ಮಾಲೀಕರು ರಾಜ್ಯದಿಂದ ಬೇಟೆ ಗುತ್ತಿಗೆ ಲೈಸೆನ್ಸ್ ಪಡೆದಿರಬೇಕು. ಅದರ ಸಂಖ್ಯೆ ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಜಗಳ ಹೆಚ್ಚಾಗಿ ಹುಟ್ಟುವುದು ಬಾಡಿಗೆಯ ಮೊತ್ತದಿಂದಲ್ಲ, ಕೋವಿಗಳ ಸಂಖ್ಯೆಯಿಂದ. ಮೂವರಿಗೆ ಎಂದು ಮಾತಾಡಿ ಶನಿವಾರ ಏಳು ಜನ ಇಳಿದರೆ ಮುಂದಿನ ವರ್ಷ ಗುತ್ತಿಗೆ ಇಲ್ಲ. ಎಷ್ಟು ಜನ, ಅತಿಥಿಗಳು ಎಷ್ಟು ದಿನ, ಅವರೂ ಹೊಡೆಯಬಹುದೇ, ತಲೆಗೆ ಎಷ್ಟು ಗಂಡು ಎಷ್ಟು ಹೆಣ್ಣು, ಹಂದಿ ಮತ್ತು ಹೊರನಾಡಿನ ಪ್ರಾಣಿಗಳು ಸೇರಿವೆಯೇ ಎಂಬುದೆಲ್ಲ ಕಾಗದಕ್ಕೆ ಬರಲಿ. ಮಾಲೀಕರು ಅದೇ ನೆಲವನ್ನು ಬೇರೆಯವರಿಗೆ ಮೇವಿಗೆ ಕೊಟ್ಟಿರುತ್ತಾರೆ. ಆ ದನದವರು ಸೀಸನ್ ಮೊದಲ ವಾರಾಂತ್ಯ ಬೆಳಗ್ಗೆ ಆರಕ್ಕೆ ಟ್ರಕ್ಕಿನಲ್ಲಿ ಮೇವು ಹಾಕಲು ಬರಬಾರದೆಂದರೆ ಅದನ್ನೂ ಈಗಲೇ ಮಾತಾಡಿ. ನಿಮ್ಮ ಕಡೆಯ ಕರ್ತವ್ಯವೂ ಇದೆ: ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿಯೇ ಬಿಡಿ. ತೆರೆದಿಟ್ಟ ಗೇಟನ್ನು ಒಳ್ಳೆಯದಾಗಲೆಂದು ಮುಚ್ಚಿ ದನಗಳಿಗೆ ನೀರಿನ ದಾರಿ ತಪ್ಪಿಸುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ರ್‍ಯಾಂಚ್ ನಡುವೆ ಮಾರಾಟವಾದರೆ ಉಳಿದ ದಿನಗಳ ಹಣ ಎಷ್ಟು ದಿನದಲ್ಲಿ ವಾಪಸು, ಮುಂದಿನ ವರ್ಷಕ್ಕೆ ಮೊದಲ ಅವಕಾಶ ನಿಮಗೇ ಇದೆಯೇ, ನೀವು ನಿಲ್ಲಿಸಿದ ಮರೆಗೂಡು ಮತ್ತು ಫೀಡರ್ ಅವಧಿ ಮುಗಿದು ಎಷ್ಟು ದಿನದೊಳಗೆ ಎತ್ತಬೇಕು ಎಂಬ ಮೂರು ಸಾಲು ಬಿಡಬೇಡಿ. ಕೊನೆಯದಕ್ಕೆ 30 ದಿನ ಸಾಮಾನ್ಯ. ಸಾಲು ಇಲ್ಲದಿದ್ದರೆ ಅವು ಮಾಲೀಕರ ಪಾಲಾದವು ಎಂದೇ ತಿಳಿಯಿರಿ.

ವಿಮೆಗೆ ಮಾಲೀಕರು ಒತ್ತಾಯಿಸಿದರೆ ಮುನಿಸಿಕೊಳ್ಳಬೇಡಿ. ಮನರಂಜನೆಗೆ ನೆಲ ಕೊಟ್ಟವರ ಹೊಣೆಯನ್ನು ಟೆಕ್ಸಸ್ ಕಾನೂನು ಕಡಿಮೆ ಮಾಡುತ್ತದೆ. ಆದರೆ ವಸೂಲಿ ಮಾಡಿದ ಹಣ ಆಸ್ತಿ ತೆರಿಗೆಯ 20 ಪಟ್ಟಿನೊಳಗಿರಬೇಕು, ಇಲ್ಲವೇ ಕೃಷಿ ಜಮೀನಿಗೆ ನಿಗದಿತ ಮೊತ್ತದ ವಿಮೆ ಇರಬೇಕು. ಹ್ಯೂಸ್ಟನ್ ಓದುಗರ ಲೆಕ್ಕದ 192 ಡಾಲರ್ ತೆರಿಗೆಯ ನೆಲವಾದರೆ 3,840 ಡಾಲರ್ ದಾಟುತ್ತಲೇ ಆ ಮೊದಲ ರಕ್ಷೆ ಹೋಯಿತು. ಅವರು ವಿಮೆ ಕೇಳುವುದು ಇದಕ್ಕೇ.

ಗುತ್ತಿಗೆ ಜಾಗದಲ್ಲಿ ಫೀಡರ್ ಇಟ್ಟು ಎರಡು ತಿಂಗಳಾಯಿತು. ಜೋಳ ಖಾಲಿಯಾಗುತ್ತಿದೆ, ಜಿಂಕೆ ಕಾಣುತ್ತಿಲ್ಲ. (ಕಾಲೇಜ್ ಸ್ಟೇಷನ್)

55 ಗ್ಯಾಲನ್ ಡ್ರಮ್ಮಿಗೆ ಸುಮಾರು 330 ಪೌಂಡ್ ಮೆಕ್ಕೆಜೋಳ ಹಿಡಿಯುತ್ತದೆ. ಬೆಳಗ್ಗೆ ಸಂಜೆ ಸೇರಿ 5 ಪೌಂಡ್ ಎರಚುವಂತೆ ಟೈಮರ್ ಇಟ್ಟರೆ ಎರಡು ತಿಂಗಳು ಬರಬೇಕು. ಎರಡೇ ವಾರದಲ್ಲಿ ಮುಗಿಯುತ್ತಿದ್ದರೆ ತಿನ್ನುವುದು ಜಿಂಕೆಯಲ್ಲ. ಎರಚುವ ತಟ್ಟೆಯನ್ನು ಕೈಯಿಂದ ತಿರುಗಿಸಿ ಕಾಳು ಉದುರಿಸುವುದನ್ನು ರಕೂನ್ ಬೇಗ ಕಲಿಯುತ್ತದೆ. ಮೋಟಾರಿನ ಸುತ್ತ ತಂತಿ ಪಂಜರ ಹಾಕಿ, ಕಾಲುಗಳಿಗೆ ನುಣುಪಾದ ತಗಡು ಸುತ್ತಿ. ನೆಲ ಉತ್ತ ಹಾಗೆ ಕೆದರಿದ್ದರೆ ಹಂದಿ. 34 ಅಂಗುಲ ಎತ್ತರದ ಹಾಗ್ ಪ್ಯಾನೆಲ್ಲನ್ನು (ಗಟ್ಟಿ ತಂತಿಜಾಲದ ಬೇಲಿ ತುಂಡು) ಟಿ-ಪೋಸ್ಟ್ ಎಂಬ ಉಕ್ಕಿನ ಕಂಬಗಳಿಗೆ ಬಿಗಿದು ಫೀಡರ್ ಸುತ್ತ ದೊಡ್ಡ ಸುತ್ತು ಕಟ್ಟಿ. ಜಿಂಕೆ ಹಾರಿ ಬರುತ್ತದೆ, ಹಂದಿ ಹೊರಗೆ ಉಳಿಯುತ್ತದೆ. ಸುತ್ತು ಚಿಕ್ಕದಾದರೆ ಒಳಗೆ ಸಿಕ್ಕಿಬೀಳುವ ಭಯಕ್ಕೆ ಜಿಂಕೆ ಹಾರುವುದಿಲ್ಲ, ಕಾಳೂ ಬೇಲಿಯಾಚೆ ಬಿದ್ದು ಹಂದಿಗೇ ಸೇರುತ್ತದೆ. ಅಡ್ಡಳತೆ 30 ಅಡಿಗಿಂತ ಕಡಿಮೆ ಮಾಡಬೇಡಿ.

ಜೋಳದ ಚೀಲ ಕೊಳ್ಳುವಾಗ ಅಫ್ಲಾಟಾಕ್ಸಿನ್ ನೂರು ಕೋಟಿಗೆ 20 ಪಾಲಿಗಿಂತ ಕಡಿಮೆ ಎಂಬ ಚೀಟಿ ನೋಡಿ. ಆ ಬೂಸ್ಟಿನ ವಿಷ ಕಾಡು ಟರ್ಕಿ ಕೋಳಿ, ಕ್ವೇಲ್ ಹಕ್ಕಿಗಳನ್ನು ಜಿಂಕೆಗಿಂತ ಮೊದಲು ಕೊಲ್ಲುತ್ತದೆ. ಡ್ರಮ್ಮಿನ ಮುಚ್ಚಳದಿಂದ ಮಳೆನೀರು ಇಳಿದು ತಳದ ಕಾಳು ಮುದ್ದೆಗಟ್ಟಿದ್ದರೆ ಪೂರ್ತಿ ತೆಗೆದು ಹೂತುಹಾಕಿ, ಡ್ರಮ್ ಒಣಗಿಸಿ, ಆಮೇಲೆ ಹೊಸದನ್ನು ತುಂಬಿ.